ಅಜ್ಜನ ಟ್ರಂಕಿನ್ಯಾಗಿದ್ದ ಬಂಗಾರದ ಎದಿ ಹಕ್ಕಿ

ಪ್ರಶ್ನೆ: ನಮಸ್ಕಾರ್ರೀ. ನಮ್ಮ ಅಜ್ಜ ಮದ್ರಾಸಿನ್ಯಾಗ ನೌಕರಿ ಮಾಡಿ ರಿಟೈರ್ ಆಗಿ ಕೊಪ್ಪಳಕ್ಕ ಬಂದಾಗ ಒಂದು ಟ್ರಂಕ್ ತಂದಿದ್ದ, ಮೊನ್ನೆ ಹಳೇ ಮನಿ ಖಾಲಿ ಮಾಡುವಾಗ ತೆಗೆದ್ವಿ, ಒಳಗ ಒಂದು ದೊಡ್ಡ ಹಕ್ಕಿ ಚಿತ್ರ ಐತಿ. ಸಣ್ಣ ಸಣ್ಣ ಹಕ್ಕಿ ಹೂವಿನ ಮುಂದ ಹಾರ್ಲಿಕ್ಕತ್ತಾವ, ಕಾಗದ ಹೊಳ್ಳಿಸಿದ್ರ ಎದಿ ಬಂಗಾರದಂಗ ಹೊಳಿತೈತಿ. ಕೆಳಗ ಸಣ್ಣ ಅಕ್ಷರದಾಗ ಗೌಲ್ಡ್, ರಿಕ್ಟರ್ ಅಂತ ಎರಡು ಹೆಸರು. ಅಂಚಿಗೆ ಕಂದು ಚುಕ್ಕಿ ಬಿದ್ದಾವ. ತಮ್ಮ ಲ್ಯಾಮಿನೇಶನ್ ಮಾಡ್ಸೋಣ ಅಂತಾನ. ಇದು ಕೈಯಿಂದ ಬರೆದದ್ದೋ, ಪ್ರಿಂಟೋ?
— ಓದುಗರು, ಕೊಪ್ಪಳ

ಉತ್ತರ: ಮೊದಲು ತಮ್ಮನ್ನ ತಡೀರಿ! ಲ್ಯಾಮಿನೇಶನ್ ಅಂದ್ರ ಬಿಸಿ ಮಾಡಿ ಪ್ಲಾಸ್ಟಿಕ್ ಅಂಟಿಸೋದು, ಒಮ್ಮೆ ಅಂಟಿದ್ರ ಆ ಕಾಗದ ಮತ್ತ ಬಿಡಿಸಾಕ ಬರಲ್ಲ.

ಕೈಯಿಂದ ಬರೆದದ್ದೋ ಪ್ರಿಂಟೋ ಅಂತ ಕೇಳಿದ್ರಿ, ನೀವು ಹೇಳಿದ ಗುರುತು ನೋಡಿದ್ರ ಅದು ಎರಡೂ ಇರಬೇಕು. ಜಾನ್ ಗೌಲ್ಡ್ ಅನ್ನೋ ಇಂಗ್ಲೆಂಡಿನವರು 1849ರಿಂದ 1861ರವರೆಗೆ ಹಮ್ಮಿಂಗ್‌ಬರ್ಡ್ ಅನ್ನೋ ಸಣ್ಣ ಹಕ್ಕಿಗಳ ಮ್ಯಾಲೆ ಐದು ಸಂಪುಟ ತಂದ್ರು, ಅದರಾಗ 360 ಚಿತ್ರ, ಕಲ್ಲಿನ ಮ್ಯಾಲೆ ಬಿಡಿಸೋ ಕೆಲಸದಾಗ ಅವರ ಜೋಡಿ ಇದ್ದವರು ರಿಕ್ಟರ್. ನಯ ಮಾಡಿದ ಸುಣ್ಣದಕಲ್ಲಿನ ಮ್ಯಾಲೆ ಜಿಡ್ಡಿನ ಕಡ್ಡಿಯಿಂದ ಹಕ್ಕಿ ಬಿಡಿಸಿ, ನೀರು ಸವರಿ, ಮಸಿ ಹಚ್ಚಿ ಕಾಗದ ಒತ್ತೋದು, ಜಿಡ್ಡಿದ್ದ ಕಡೆ ಅಷ್ಟೇ ಮಸಿ ಹಿಡೀತೈತಿ. ಇಲ್ಲಿಗೆ ಕಪ್ಪು ಗೆರೆ ಅಷ್ಟೇ ಬಂತು. ಆಮೇಲೆ ಬಣ್ಣ ಹಚ್ಚೋರು ಮಾದರಿ ಚಿತ್ರ ಎದುರಿಗಿಟ್ಕೊಂಡು ಒಂದೊಂದು ಹಾಳೆಗೂ ಕುಂಚದಿಂದ ಬಣ್ಣ ತುಂಬ್ತಿದ್ರು, ಒಂದೊಂದಕ್ಕೂ! ಎದಿ ಹೊಳಿತೈತಿ ಅಂದ್ರಲ್ಲ, ಅದಕ್ಕ ಬಂಗಾರದ ತಗಡು ಕೂಡಿಸಿ ಮ್ಯಾಲೆ ತೆಳುವಾಗಿ ಬಣ್ಣ ಬಳೀತಿದ್ರು, ಅದಕ್ಕೇ ಹೊಳ್ಳಿಸಿದಾಗ ಹೊಳಪು ಬದಲಾಗ್ತೈತಿ. ಹಮ್ಮಿಂಗ್‌ಬರ್ಡ್ ಇರೋದು ಅಮೆರಿಕ ಖಂಡಗಳಾಗ ಅಷ್ಟೇ, ನಮ್ಮ ದಾಸವಾಳಕ್ಕ ಬರೋದು ಸೂರಕ್ಕಿ, ಅದು ಬ್ಯಾರೆ ಕುಲ. ಗೌಲ್ಡ್ ಸಹಿತ ಜೀವಂತ ಹಮ್ಮಿಂಗ್‌ಬರ್ಡ್ ನೋಡಿದ್ದು 1857ರಾಗ ಅಮೆರಿಕಕ್ಕ ಹೋದಾಗ, ಅಲ್ಲಿತನಕ ಒಣಗಿಸಿ ತುಂಬಿಟ್ಟ ಹಕ್ಕಿಗಳನ್ನ ನೋಡಿ ಮಾಡಿದ ಕೆಲಸ ಅದು, ನನಗ ಇವತ್ತಿಗೂ ಆಶ್ಚರ್ಯ ಆಗೋದು ಇದೇ.

ಈಗಿನ ಕಾಲದ ಕಾಪಿನೂ ಸಿಗ್ತಾವ, ಹಂಗಾಗಿ ಪರೀಕ್ಷೆ ಮಾಡ್ರಿ. ವಾಚ್ ರಿಪೇರಿಯವರು ಕಣ್ಣಿಗೆ ಹಾಕ್ಕೊಳ್ಳೋ ಲೆನ್ಸ್ ಇಸ್ಕೊಂಡು ಹಸಿರು ಭಾಗ ನೋಡ್ರಿ. ಪೇಪರಿನ ಫೋಟೋದಾಗ ಇರ್ತಾವಲ್ಲ ಅಂಥ ಸಾಲು ಸಾಲು ಬಣ್ಣದ ಚುಕ್ಕಿ ಕಂಡ್ರ ಅದು ಈಚಿನ ಪ್ರಿಂಟು. ಕಪ್ಪು ಗೆರೆ ತರಿತರಿಯಾಗಿ, ಅದರ ಮ್ಯಾಲೆ ಬಣ್ಣ ಒಂದೇ ಸಮ ಹರಡಿ, ಅಲ್ಲಲ್ಲಿ ಗೆರೆ ದಾಟಿ ಹೊರಗೂ ಬಂದಿದ್ರ ಅದು ಕೈ ಕೆಲಸ. ಅಳತೀನೂ ನೋಡ್ರಿ, ಗೌಲ್ಡ್ ಅವರ ಪೂರ್ತಿ ಹಾಳೆ ಸುಮಾರು 21 ಇಂಚು ಎತ್ತರ ಇರ್ತೈತಿ, ಅಂಚು ಕತ್ತರಿಸಿದ್ರ ಕಮ್ಮಿ ಆಗಿರಬಹುದು. ಇನ್ನೊಂದು ಮಾತು, ಕಿನ್ನಾಳ ನಿಮಗ ಹತ್ರಾನೇ ಐತಿ, ಅಲ್ಲಿ ಗೊಂಬಿಗೆ ಬಣ್ಣ ಹಾಕೋ ಹಿರಿಯರೊಬ್ಬರಿಗೆ ತೋರಿಸ್ರಿ, ಕುಂಚ ಎಲ್ಲಿ ಶುರುವಾಗಿ ಎಲ್ಲಿ ಎದ್ದೈತಿ ಅನ್ನೋದು ಜೀವನಪೂರ್ತಿ ಬಣ್ಣ ಹಚ್ಚಿದ ಕಣ್ಣಿಗೆ ನಮಗಿಂತ ಬೇಗ ಕಾಣ್ತೈತಿ. ಬರೇ ನೋಡಾಕ ಅಷ್ಟೇ ಮತ್ತ, ಟಚಪ್ ಮಾಡಿಸಬ್ಯಾಡ್ರಿ.

ಕಂದು ಚುಕ್ಕಿ ಬರೋದು ತೇವಕ್ಕ, ಬೂಷ್ಟಿಗೆ, ಕಾಗದದೊಳಗಿನ ಕಬ್ಬಿಣದ ಅಂಶಕ್ಕ. ಒದ್ದಿ ಬಟ್ಟೆಯಿಂದ ಒರೆಸಿದ್ರ ನೀರಿನ ಬಣ್ಣ ಕದಡಿ ಹೋಗ್ತೈತಿ, ಬ್ಲೀಚ್ ಅಂತೂ ಬ್ಯಾಡೇ ಬ್ಯಾಡ. ಚುಕ್ಕಿ ಇದ್ರೂ ಇರಲಿ. ಫ್ರೇಮ್ ಹಾಕಿಸೋದಾದ್ರ ಹಿಂದ ಪ್ಲೈವುಡ್, ರಟ್ಟು ಹಾಕಬ್ಯಾಡ್ರಿ, ಅವುದರ ಆಸಿಡ್ ಕಾಗದಕ್ಕ ಇಳಿದು ಹಳದಿ ಮಾಡ್ತೈತಿ. ಆಸಿಡ್-ಫ್ರೀ ಬೋರ್ಡ್ ತರಿಸ್ರಿ, ಗಾಜು ಚಿತ್ರಕ್ಕ ತಾಗದಂಗ ನಡುವ ಸಂದು ಬಿಡಿಸ್ರಿ, ಸೆಲೋಟೇಪ್ ಎಲ್ಲೂ ಬ್ಯಾಡ. ನಮ್ಮ ಕಡೆ ಬಿಸಿಲು ನಿಮಗ ಹೇಳೋದೇನೈತಿ, ಕಿಟಕಿ ಎದುರಿನ ಗೋಡೆ ಬಿಟ್ಟು ಬ್ಯಾರೆ ಗೋಡೆಗೆ ಹಾಕ್ರಿ.

ಪ್ರಶ್ನೆ: ನನ್ನ ಹತ್ರ ಹಕ್ಕಿ ಚಿತ್ರಗಳ ಹಳೇ ಪುಸ್ತಕ ಇದೆ, ಹಾಳೆ ಬಿಡಿಸಿ ಒಂದೊಂದೇ ಮಾರಿದ್ರೆ ಜಾಸ್ತಿ ದುಡ್ಡು ಅಂತ ಒಬ್ಬರು ಹೇಳ್ತಿದಾರೆ, ಮಾರ್ಲಾ?
— ಓದುಗರು, ಸಿರುಗುಪ್ಪ

ಉತ್ತರ: ದಯವಿಟ್ಟು ಬಿಡಿಸಬ್ಯಾಡ್ರಿ. ದುಡ್ಡು ಜಾಸ್ತಿ ಬರಬಹುದು, ಆದ್ರ ಎಷ್ಟೋ ಪುಸ್ತಕ ಹಿಂಗೇ ಬಿಡಿ ಹಾಳೆ ಆಗಿ ಹೋಗ್ಯಾವ. ಕಂಪನಿ ಸರ್ಕಾರದ ಡಾಕ್ಟರಾಗಿದ್ದ ಥಾಮಸ್ ಜೆರ್ಡನ್ 1843ರಿಂದ 1847ರೊಳಗ ಮದ್ರಾಸಿನಿಂದ ನಮ್ಮ ದೇಶದ ಹಕ್ಕಿಗಳ 50 ಚಿತ್ರ ಹೊರಗ ತಂದ್ರು, ಅದಕ್ಕ ಚಿತ್ರ ಬರೆದುಕೊಟ್ಟವರು ನಮ್ಮೋರೇ. ಆವಾಗ ಬಳ್ಳಾರಿನೂ ಮದ್ರಾಸ್ ಪ್ರಾಂತ್ಯದಾಗೇ ಇತ್ತು. ನಿಮ್ಮದು ಅಂಥದ್ದೇ ಆಗಿದ್ರ ಇನ್ನೂ ಜ್ವಾಕಿ ಮಾಡ್ಬೇಕು. ಪುಸ್ತಕದ ಮೊದಲನೇ ಹಾಳಿದು, ಒಂದೆರಡು ಚಿತ್ರದ್ದು ನೆರಳಿನ್ಯಾಗ ಫೋಟೋ ತೆಗೆದು ಕಳಿಸ್ರಿ, ನೋಡಿ ಹೇಳ್ತೀನಿ.