ಎಂಎಂಪಿಐ-ಎ ಸ್ಕೋರ್ ನೋಡಿ ಹೆದರ್ಬೇಡಿ

ಪಿಯುಸಿ ಓದುವ ಮಗಳಿಗೆ ಉಡುಪಿಯಲ್ಲಿ ಎಂಎಂಪಿಐ-ಎ (ಹದಿಹರೆಯದವ್ರ ಮನಸ್ಸಿನ ತೊಂದರೆ ಅಳೆಯುವ ಪ್ರಶ್ನೆಗಳ ಟೆಸ್ಟ್) ಮಾಡಿಸಿದ್ದು, ಅದ್ರಲ್ಲಿ ವಿಚಿತ್ರ ಯೋಚನೆ ಅಳೆಯುವ ಸ್ಕೇಲ್‌ನಲ್ಲಿ ಸ್ಕೋರ್ ಜಾಸ್ತಿ ಬಂತು, ಅಮೆರಿಕದ ಟೆಸ್ಟ್ ನಮ್ಮ ಮಕ್ಕಳಿಗೆ ಸರಿಯಾಗ್ತದಾ ಅಂತ ಕೇಳಿದ್ದೀರಲ್ಲ, ಮೊದ್ಲು ಹೆದರ್ಬೇಡಿ ಮಾರಾಯ್ರೇ. 1992ರಲ್ಲಿ ಬಂದ ಟೆಸ್ಟ್ ಅದು, ಸ್ಕೋರ್ ಹೋಲಿಸುವ ನಾರ್ಮ್ಸ್, ಅಂದ್ರೆ ಸಾಮಾನ್ಯ ಮಕ್ಕಳ ಅಳತೆ, 805 ಹುಡುಗರು 815 ಹುಡುಗಿಯರದ್ದು, ಎಲ್ಲ ಅಮೆರಿಕದವ್ರೇ. ಅಲ್ಲೇ ಕಪ್ಪು ಬಿಳಿ ಮಕ್ಕಳ ವಿಷಯದಲ್ಲಿ, ಟೆಸ್ಟ್ ಇಬ್ಬರಿಗೂ ಸರಿಯಾಗ್ತದಾ ಅಂತ ಇದೇ ಚರ್ಚೆ ಉಂಟು. ಸರಾಸರಿ ಬೇರೆ ಬಂದ ಮಾತ್ರಕ್ಕೆ ಟೆಸ್ಟ್ ಪಕ್ಷಪಾತಿ ಅಂತಲ್ಲ, ಒಂದೇ ಸ್ಕೋರ್ ಎರಡೂ ಗುಂಪಲ್ಲಿ ಒಂದೇ ತೊಂದರೆಯನ್ನ ತೋರಿಸ್ತದಾ ಅನ್ನೋದೇ ಮುಖ್ಯ. ಕೋಲ ನೋಡಿ ಬೆಳೆದ ಮಗು ದೈವ ನುಡಿ ಕೊಡ್ತದೆ ಅಂತ ನಂಬಿದ್ರೆ ಅದು ಕಾಯಿಲೆಯಾ? ಅಲ್ವೇ ಅಲ್ಲ. ಯಾವ ಪ್ರಶ್ನೆಗೆ ಯಾಕೆ ಹೌದು ಅಂದಿದ್ದು ಅಂತ ಅವಳನ್ನೇ ಕೂರಿಸಿ ಕೇಳ್ಲಿಕ್ಕೆ ಸೈಕಾಲಜಿಸ್ಟಿಗೆ ಹೇಳಿ, ಬರೀ ಪ್ರಿಂಟೌಟ್ ನೋಡಿ ಡಯಾಗ್ನೋಸಿಸ್ ಬರೆದ್ರೆ ಒಪ್ಬೇಡಿ. ಆದ್ರೆ ಅವಳು ಊಟ ನಿದ್ದೆ ಬಿಟ್ಟಿದ್ರೆ ಸ್ಕೋರ್ ಎಷ್ಟೇ ಇರ್ಲಿ, ಕಾಯ್ಬೇಡಿ, ಕೂಡ್ಲೇ ಡಾಕ್ಟ್ರಿಗೆ ತೋರ್ಸಿ.