ಐದು ಕಂಪ್ಯೂಟರ್, ನಲವತ್ತೆರಡು ಮಕ್ಕಳು: ಎಲ್ಲಿಂದ ಶುರು ಮಾಡಲಿ?

ಈ ಸಲ ಬಂದ ಪತ್ರಗಳಲ್ಲಿ ಶಿಕ್ಷಕರದ್ದೇ ಜಾಸ್ತಿ. ಕಥೆ ಕಟ್ಟುವ, ಚಿತ್ರ ಬಿಡಿಸುವ, ಹಾಡು ಹೊಂದಿಸುವ ಉಚಿತ ಸಾಧನಗಳನ್ನು ತರಗತಿಯಲ್ಲಿ ಹೇಗೆ ಬಳಸುವುದು ಎಂದು ಕೇಳಿದ್ದೀರಿ. ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಏಳನೇ ತರಗತಿಯಲ್ಲಿ 42 ಮಕ್ಕಳು, ದಾನಿಗಳು ಕೊಟ್ಟ 5 ಕಂಪ್ಯೂಟರ್. ಇಂಟರ್ನೆಟ್ ಅಂದರೆ ನನ್ನ ಮೊಬೈಲಿನ ಹಾಟ್‌ಸ್ಪಾಟ್. ತರಬೇತಿಯಲ್ಲಿ 20 ಆ್ಯಪ್‌ಗಳ ಹೆಸರು ಬರೆದುಕೊಂಡು ಬಂದೆ. ಎಲ್ಲಿಂದ ಶುರು ಮಾಡಲಿ? (ಶಿಕ್ಷಕಿ, ಹಾವೇರಿ ಜಿಲ್ಲೆ)

ಆ ಪಟ್ಟಿಯನ್ನು ಮಡಚಿ ಪುಸ್ತಕದೊಳಗೆ ಇಡಿ ಮೇಡಂ. ಈ ವರ್ಷಕ್ಕೆ ಒಂದು ಸಾಧನ ಸಾಕು. ಒಂದನ್ನೇ ಜೂನ್‌ನಿಂದ ಮಾರ್ಚ್‌ವರೆಗೆ ಬಳಸಿದ ಮಕ್ಕಳು ಅದರಲ್ಲಿ ನಿಮಗೂ ಗೊತ್ತಿಲ್ಲದ್ದನ್ನು ಮಾಡಿ ತೋರಿಸುತ್ತಾರೆ. ವಾರಕ್ಕೊಂದು ಹೊಸದು ಕೊಟ್ಟರೆ ಪ್ರತಿ ವಾರವೂ ಬಟನ್ ಹುಡುಕುವುದರಲ್ಲೇ ಪೀರಿಯಡ್ ಮುಗಿಯುತ್ತದೆ.

ನಿಮ್ಮ ಮಕ್ಕಳ ವಯಸ್ಸಿಗೆ ನಾನು ಹೇಳುವುದು ಸ್ಕ್ರ್ಯಾಚ್. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನವರು 2007ರಲ್ಲಿ ಹೊರತಂದದ್ದು, ಪೂರ್ತಿ ಉಚಿತ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಪರದೆ ಮೇಲಿನ ಬೆಕ್ಕು ನಡೆಯುತ್ತದೆ, ಮಾತಾಡುತ್ತದೆ. ನಿಮಗೆ ಮುಖ್ಯವಾದ ವಿಷಯ ಏನೆಂದರೆ ಇದಕ್ಕೆ ಆಫ್‌ಲೈನ್ ಆವೃತ್ತಿಯೂ ಇದೆ. ಮನೆಯಲ್ಲಿ ಒಮ್ಮೆ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ತಂದು ಐದಕ್ಕೂ ಹಾಕಿದರೆ ಆಮೇಲೆ ಇಂಟರ್ನೆಟ್ ಬೇಡವೇ ಬೇಡ. ಈಗಿನ 3ನೇ ಆವೃತ್ತಿಗೆ ವಿಂಡೋಸ್ 10 ಬೇಕು. ದಾನವಾಗಿ ಬಂದ ಕಂಪ್ಯೂಟರ್ ಅದಕ್ಕಿಂತ ಹಳೆಯದಾಗಿದ್ದರೆ ಹಳೆಯ 1.4 ಆವೃತ್ತಿ ಹಾಕಿ, ಕಥೆ ಮಾಡುವುದಕ್ಕೆ ಅದೂ ಧಾರಾಳ ಸಾಕು.

42 ಮಕ್ಕಳನ್ನು ಐದು ಗುಂಪು ಮಾಡಿದರೆ ಒಂದು ಕಂಪ್ಯೂಟರ್ ಮುಂದೆ ಎಂಟೊಂಬತ್ತು ಜನ ಆಗುತ್ತಾರೆ. ಹಿಂದೆ ನಿಂತವರಿಗೆ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ. ಅದಕ್ಕೇ ಕೆಲಸವನ್ನು ಕಾಗದದ ಮೇಲೆ ಶುರು ಮಾಡಿ. ಹಾಳೆಯಲ್ಲಿ ಆರು ಚೌಕ ಹಾಕಿಸಿ, ಕಥೆಯನ್ನು ಆರು ಚಿತ್ರದಲ್ಲಿ ಹೇಳಲಿ. ಮೂವರು ಕಂಪ್ಯೂಟರ್ ಹತ್ತಿರ, ಉಳಿದವರು ಹಾಳೆ ಹತ್ತಿರ, ಹದಿನೈದು ನಿಮಿಷಕ್ಕೆ ಅದಲು ಬದಲು. ಕರೆಂಟ್ ಹೋದ ದಿನವೂ ಪೀರಿಯಡ್ ದಂಡವಾಗುವುದಿಲ್ಲ.

ನಾನು ಕೂತು ನೋಡಿದ ಒಂದು ತರಗತಿಯಲ್ಲಿ ಮಕ್ಕಳು ಮೊದಲು ಮಾಡಿದ ಕೆಲಸ ಆ ಬೆಕ್ಕನ್ನು ಅಳಿಸಿದ್ದು. ಅದರ ಜಾಗದಲ್ಲಿ ಎಮ್ಮೆ ಬರೆದರು. ಕೊಂಬು ಎಷ್ಟು ಬಾಗಿರಬೇಕು ಎಂಬುದಕ್ಕೇ ಅರ್ಧ ಗಂಟೆ ವಾದ. ಆಮೇಲೆ ಎಮ್ಮೆಗೆ ಕೂಗು ಬೇಕಲ್ಲ? ಸ್ಕ್ರ್ಯಾಚ್‌ನಲ್ಲಿ ಸಿದ್ಧವಾಗಿದ್ದ ಹಸುವಿನ ಧ್ವನಿ ಹಾಕಿ ನೋಡಿದರು, ಯಾರೂ ಒಪ್ಪಲಿಲ್ಲ. ಹಸು ಕೂಗೋದೇ ಬೇರೆ, ಎಮ್ಮೆ ಕೂಗೋದೇ ಬೇರೆ ಎಂದು ಒಬ್ಬ ಹುಡುಗ ಮೈಕ್ ಹತ್ತಿರ ಬಾಗಿ ತಾನೇ ಕೂಗಿದ. ಎಂಟು ಸಲ ರೆಕಾರ್ಡ್ ಮಾಡಿದರು, ಯಾಕೆಂದರೆ ಏಳು ಸಲವೂ ಹಿಂದೆ ಯಾರೋ ನಕ್ಕಿದ್ದರು. ಎಂಟನೆಯದು ಸರಿಯಾಗಿ ಬಂದಾಗ ಕೋಣೆಯೆಲ್ಲ ಚಪ್ಪಾಳೆ. ಇಷ್ಟೂ ಹೊತ್ತು ಅವರ ಮೇಷ್ಟ್ರು ಕೈ ಕಟ್ಟಿಕೊಂಡು ಹಿಂದೆ ನಿಂತಿದ್ದರು. ನೀವೂ ಹಾಗೇ ನಿಲ್ಲಿ. ಅವಸರಕ್ಕೆ ಮೌಸ್ ಕಸಿದುಕೊಂಡು ಸರಿಮಾಡಿ ಕೊಡಬೇಡಿ, ಎಷ್ಟೇ ಕೈ ತುರಿಸಿದರೂ.

ಒಂದರಿಂದ ಮೂರನೇ ತರಗತಿಯವರಿಗೆ ಸ್ಕ್ರ್ಯಾಚ್ ಸ್ವಲ್ಪ ಕಷ್ಟ. ಅವರಿಗೆ ಚಿತ್ರ ಬಿಡಿಸುವ ಟಕ್ಸ್ ಪೇಂಟ್ ಕೊಡಿ. ಅದೂ ಉಚಿತ, ಅದಕ್ಕೂ ಇಂಟರ್ನೆಟ್ ಬೇಡ.

ಪ್ರಶ್ನೆ: ಕನ್ನಡದಲ್ಲಿ ಟೈಪ್ ಮಾಡಿಟ್ಟುಕೊಂಡ ಕಥೆಯನ್ನು ಆನ್‌ಲೈನ್ ಪೋಸ್ಟರ್ ಸಾಧನಕ್ಕೆ ಪೇಸ್ಟ್ ಮಾಡಿದರೆ ಏನೇನೋ ಗುರುತುಗಳು ಬರುತ್ತವೆ. ಸಾಧನದ ದೋಷವೋ, ನನ್ನದೋ? (ಪ್ರೌಢಶಾಲಾ ಶಿಕ್ಷಕ, ತುಮಕೂರು)

ಇಬ್ಬರದ್ದೂ ಅಲ್ಲ ಸರ್. ನೀವು ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿರುತ್ತೀರಿ. ‘ಕನ್ನಡ’ ಎಂದು ಟೈಪ್ ಮಾಡಿದ್ದು ಅಲ್ಲಿ ಇಂಗ್ಲಿಷಿನ ಪಿ ಅಕ್ಷರ, ತಲೆ ಮೇಲೆ ಗೆರೆ ಇರುವ ಎ, ಪೌಂಡ್ ಗುರುತು ಹೀಗೆ ಕಾಣುತ್ತದೆ ಅಲ್ವಾ? ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಕನ್ನಡ ಕಾಣುತ್ತದೆ, ಅದು ಇಲ್ಲದ ಕಡೆ ಒಳಗಿದ್ದ ಅಸಲಿ ಗುರುತುಗಳು ಹೊರಗೆ ಬರುತ್ತವೆ. ಲೋಕದ ಭಾಷೆಗಳ ಅಕ್ಷರಗಳಿಗೆ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ಅದರದೇ ಜಾಗ ಇದೆ, 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದ್ದರಿಂದ ಹೊಸದಾಗಿ ಬರೆಯುವುದನ್ನೆಲ್ಲ ಯೂನಿಕೋಡ್‌ನಲ್ಲೇ ಬರೆಯಿರಿ. ನುಡಿಯಲ್ಲೂ ಯೂನಿಕೋಡ್ ಆಯ್ಕೆ ಇದೆ, ಕೀಲಿಮಣೆ ಅದೇ, ನಿಮ್ಮ ಬೆರಳಿಗೆ ರೂಢಿಯಾದದ್ದು ಕೆಡುವುದಿಲ್ಲ. ಹಳೆಯ ಕಡತಗಳಿಗೆ ‘ಆಸ್ಕಿಯಿಂದ ಯೂನಿಕೋಡ್ ಪರಿವರ್ತಕ’ ಎಂದು ಹುಡುಕಿದರೆ ಉಚಿತವಾಗಿ ಸಿಗುತ್ತವೆ. ಪರಿವರ್ತನೆ ಆದ ಮೇಲೆ ಒಮ್ಮೆ ಓದಿ ನೋಡಿ, ಅರ್ಕಾವತ್ತು ಇರುವ ಕಡೆ ಆಗಾಗ ತಪ್ಪುತ್ತದೆ.

ಇನ್ನೊಂದು ತೊಂದರೆ ಇದೆ. ಯೂನಿಕೋಡ್ ಆದರೂ ಕೆಲವು ಸಾಧನಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. ಯಾವ ಹೊಸ ಸಾಧನ ತೆರೆದರೂ ಮೊದಲು ‘ಸ್ವಾತಂತ್ರ್ಯ’ ಎಂದು ಟೈಪ್ ಮಾಡಿ ನೋಡಿ. ಆ ಒಂದು ಪದ ಪರದೆಯಲ್ಲೂ, ಡೌನ್‌ಲೋಡ್ ಮಾಡಿದ ಪಿಡಿಎಫ್‌ನಲ್ಲೂ ನೆಟ್ಟಗೆ ನಿಂತರೆ ಮುಂದುವರಿಯಿರಿ. ಇಲ್ಲದಿದ್ದರೆ ಅಲ್ಲೇ ಬಿಡಿ, ಮಕ್ಕಳಿಗೆ ಮುರಿದ ಅಕ್ಷರ ತೋರಿಸುವುದು ಬೇಡ. ಫಾಂಟ್ ಅಂದ ಕೂಡಲೇ ನೆನಪಾಯಿತು: ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಬೆಣ್ಣೆ, ಹುಬ್ಬಳ್ಳಿ ಇವೆಲ್ಲ ಉಚಿತ. ದಪ್ಪ ಶೀರ್ಷಿಕೆಗೆ ಬಾಲೂ ತಮ್ಮ ಹಾಕಿ, ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ.

ಪ್ರಶ್ನೆ: ನಾನು ಕನ್ನಡ ಪಾಠ ಮಾಡುವವಳು. ಇವೆಲ್ಲ ಗಣಿತ, ವಿಜ್ಞಾನದವರಿಗೆ ತಾನೇ? ಛಂದಸ್ಸು ಕಲಿಸೋಕೆ ಏನಾದರೂ ಇದೆಯಾ? (ಶಿಕ್ಷಕಿ, ಶಿವಮೊಗ್ಗ)

ಇದೆ, ಮತ್ತೆ ಈ ಪ್ರಶ್ನೆ ಬಂದದ್ದು ನನಗೆ ತುಂಬ ಖುಷಿ. ಗೂಗಲ್‌ನವರ ಕ್ರೋಮ್ ಮ್ಯೂಸಿಕ್ ಲ್ಯಾಬ್ ಎಂಬ ತಾಣದಲ್ಲಿ ಸಾಂಗ್ ಮೇಕರ್ ಎಂದಿದೆ. ಖಾತೆ ಬೇಡ, ಪಾಸ್‌ವರ್ಡ್ ಬೇಡ, ಮೊಬೈಲಿನಲ್ಲೂ ತೆರೆಯುತ್ತದೆ. ಪರದೆ ತುಂಬ ಚೌಕಗಳು. ಚೌಕ ಮುಟ್ಟಿದರೆ ಸ್ವರ. ಕೆಳಗಿನ ಎರಡು ಸಾಲು ತಾಳಕ್ಕೆ. ನಮಗೆ ಬೇಕಾದದ್ದು ಆ ಎರಡು ಸಾಲು.

ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಯ ಗಣಗಳು. ಬೋರ್ಡಿನ ಮೇಲೆ ಪ್ರಸ್ತಾರ ಹಾಕಿ ಗೆರೆ ಎಳೆದು ಎಣಿಸುವುದು ಮಕ್ಕಳಿಗೆ ಗೊತ್ತು, ಪರೀಕ್ಷೆಗೆ ಮಾಡಿಯೂ ಮಾಡುತ್ತಾರೆ, ಆದರೆ ಅದನ್ನು ಕಿವಿಯಲ್ಲಿ ಕೇಳಿರುವುದಿಲ್ಲ. ಸಾಂಗ್ ಮೇಕರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಒಂದು ಬಾರ್‌ಗೆ, ಅಂದರೆ ತಾಳದ ಒಂದು ಸುತ್ತಿಗೆ, 7 ಬೀಟ್ ಎಂದು ಬದಲಾಯಿಸಿ. ಒಂದು ಬೀಟ್ ಅಂದರೆ ಒಂದು ಮಾತ್ರೆ. ಒಂದನೇ ಬೀಟ್‌ಗೂ ನಾಲ್ಕನೇ ಬೀಟ್‌ಗೂ ತಾಳದ ಗುರುತು ಹಾಕಿ. ಓಡಿಸಿ. ಮೂರು ನಾಲ್ಕರ ಆ ಓಟ ಕೇಳಿಸುತ್ತದೆ, ನಿಮ್ಮ ಮಕ್ಕಳು ಎರಡೇ ನಿಮಿಷದಲ್ಲಿ ಬೆಂಚು ಬಡಿಯಲು ಶುರು ಮಾಡುತ್ತಾರೆ. ಬಡಿಯಲಿ ಬಿಡಿ.

ಈಗ ಅವರೇ ಸಾಲು ಕಟ್ಟಲಿ. ‘ಮಳೆಯು ಬಂದಿತು ಕೆರೆಯು ತುಂಬಿತು’ ಎಂದು ಒಬ್ಬರು ಹೇಳಿದರೆ ತಾಳದ ಮೇಲೆ ಸರಿಯಾಗಿ ಕೂರುತ್ತದೆ. ‘ಮಳೆ ಬಂದಿತು’ ಎಂದು ಶುರು ಮಾಡಿದರೆ ಒಂದು ಮಾತ್ರೆ ಕಡಿಮೆ. ಅದನ್ನು ನೀವು ಹೇಳಬೇಕಾಗಿಲ್ಲ, ತಾಳ ಮುಂದೆ ಹೋಗಿ ಮಾತು ಎಡವಿದ್ದು ಅವರ ಕಿವಿಗೇ ಗೊತ್ತಾಗುತ್ತದೆ. ‘ಕಪ್ಪೆ ಕೂಗಿತು ರಾತ್ರಿ ಪೂರಾ’ ಎಂದು ಇನ್ನೊಬ್ಬರು ಸೇರಿಸಲಿ. ಒತ್ತಕ್ಷರದ ಹಿಂದಿನ ಅಕ್ಷರ ಯಾಕೆ ಗುರು ಎಂಬ ಪಾಠ ಅಲ್ಲೇ ಆಗಿಹೋಗುತ್ತದೆ: ‘ಕಪ್ಪೆ’ ಎನ್ನುವಾಗ ಕ ಮೇಲೆ ಎಷ್ಟು ಹೊತ್ತು ನಿಂತಿರಿ ಎಂದು ಕೇಳಿದರೆ ಸಾಕು. ಪ್ರಾಸ ಕೂಡಿಲ್ಲ, ಪರವಾಗಿಲ್ಲ, ಅದನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ. ಮೂರು ಮತ್ತು ಆರನೇ ಸಾಲು ಉದ್ದ, ಅಲ್ಲಿ ಮೂರು ಬಾರ್ ಆದ ಮೇಲೆ ಕೊನೆಗೊಂದು ಗುರು ಉಳಿಯುತ್ತದೆ. ಹಾಡುವವರು ಎಳೆದು ನಿಲ್ಲುವುದು ಅಲ್ಲೇ. ಇದಾದ ಮೇಲೆ ಕುಮಾರವ್ಯಾಸನ ಪದ್ಯ ತೆಗೆಯಿರಿ, ಓದುವ ಧಾಟಿಯೇ ಬದಲಾಗಿರುತ್ತದೆ.

ಕೆಲಸ ಮುಗಿದ ಮೇಲೆ ಸೇವ್ ಒತ್ತಿದರೆ ಒಂದು ಲಿಂಕ್ ಬರುತ್ತದೆ. ಧ್ವನಿ ಕಡತವಾಗಿಯೂ ಇಳಿಸಿಕೊಳ್ಳಬಹುದು. ಇಳಿಸಿಕೊಳ್ಳಿ. ಯಾಕೆ ಎಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಮಕ್ಕಳ ಕೆಲಸವೆಲ್ಲ ಒಂದು ಉಚಿತ ತಾಣದಲ್ಲಿತ್ತು. ಈಗ ದುಡ್ಡು ಕೊಟ್ಟರೆ ಮಾತ್ರ ತೆರೆಯುತ್ತದೆ ಎನ್ನುತ್ತಿದೆ. ಏನು ಮಾಡೋಣ? ಮಕ್ಕಳಿಗೆ ಖಾತೆ ತೆರೆಸುವುದು ಸರಿಯೇ? (ಶಿಕ್ಷಕ, ಕಲಬುರಗಿ)

ನನಗೂ ಹೀಗೇ ಆಗಿದೆ. ಒಂದು ವರ್ಷ 30 ಮಕ್ಕಳ ಚಿತ್ರಕಥೆಗಳು ಒಂದು ತಾಣದಲ್ಲಿದ್ದವು, ಬೇಸಿಗೆ ರಜೆ ಮುಗಿಸಿ ಬಂದು ನೋಡಿದರೆ ತಾಣವೇ ಇರಲಿಲ್ಲ. ಮಕ್ಕಳು ಬಂದು ‘ನಮ್ಮದು ಎಲ್ಲಿ ಸರ್’ ಎಂದು ಕೇಳಿದಾಗ ಹೇಳಲು ಮಾತಿರಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಬೇಜಾರಾಗುತ್ತದೆ. ದೊಡ್ಡ ಕಂಪನಿಯದ್ದಾದರೂ ಅಷ್ಟೇ: ಗೂಗಲ್‌ನ ಆನ್‌ಲೈನ್ ಬೋರ್ಡ್ ಆಗಿದ್ದ ಜಾಮ್‌ಬೋರ್ಡ್ 2024ರ ಡಿಸೆಂಬರ್ 31ಕ್ಕೆ ಮುಚ್ಚಿತು. ಬ್ರೌಸರ್‌ನಲ್ಲಿ ಆಟ, ಅನಿಮೇಷನ್ ಓಡಿಸುತ್ತಿದ್ದ ಫ್ಲ್ಯಾಶ್‌ಗೆ 2020ರ ಕೊನೆಯಲ್ಲಿ ಬೆಂಬಲ ನಿಂತಾಗ ಶಾಲೆಗಳು ಬಳಸುತ್ತಿದ್ದ ಎಷ್ಟೋ ಆಟಗಳು ಹೋದವು.

ನಿಮ್ಮ ತಾಣ ಇನ್ನೂ ನೋಡುವುದಕ್ಕಾದರೂ ಬಿಡುತ್ತಿದ್ದರೆ ಇವತ್ತೇ ಪ್ರತಿ ಪುಟದ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಇನ್ನು ಮುಂದೆ ಪ್ರತಿ ಶನಿವಾರ ಕೊನೆಯ ಹತ್ತು ನಿಮಿಷ ಡೌನ್‌ಲೋಡ್‌ಗೆ ಮೀಸಲು. ಚಿತ್ರ, ಪಿಡಿಎಫ್, ಧ್ವನಿ, ಯಾವುದಾದರೂ ಆಗಲಿ, ಒಂದು ಪ್ರತಿ ಶಾಲೆಯ ಕಂಪ್ಯೂಟರ್‌ನಲ್ಲಿ, ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಇರಲಿ. ಡೌನ್‌ಲೋಡ್ ಬಟನ್ನೇ ಇಲ್ಲದ ಸಾಧನವನ್ನು ತರಗತಿಗೆ ತರಬೇಡಿ.

ಖಾತೆ ವಿಷಯ. ಸಾಧ್ಯವಾದಷ್ಟು ಖಾತೆ ಕೇಳದ ಸಾಧನವನ್ನೇ ಆರಿಸಿ. ಬೇಕೇ ಬೇಕು ಅಂದರೆ, ಆ ತಾಣದ ನಿಯಮ ಒಪ್ಪಿದರೆ ಶಿಕ್ಷಕರ ಹೆಸರಿನಲ್ಲಿ ಒಂದೇ ಖಾತೆ ಸಾಕು. ಎಷ್ಟೋ ತಾಣಗಳು 13 ವರ್ಷದೊಳಗಿನವರಿಗೆ ಖಾತೆಯನ್ನೇ ಕೊಡುವುದಿಲ್ಲ, ಅದಕ್ಕೆ ಸುಳ್ಳು ಹುಟ್ಟಿದ ದಿನಾಂಕ ಹಾಕಿಸುವುದು ಖಂಡಿತ ಬೇಡ. ವೈಯಕ್ತಿಕ ಡೇಟಾ ರಕ್ಷಣೆಗೆ 2023ರಲ್ಲಿ ಬಂದ ನಮ್ಮ ದೇಶದ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಪಡೆಯಬೇಕು ಎಂಬುದೇ ಅದರ ಮೂಲ ನಿಯಮ. ಆದ್ದರಿಂದ ಮಕ್ಕಳ ಪೂರ್ತಿ ಹೆಸರು, ಫೋಟೊ, ಊರು ಹಾಕಬೇಡಿ. ‘ಬೇವಿನ ಗುಂಪು’, ‘ಹೊಂಗೆ ಗುಂಪು’ ಎಂದು ಹಾಕಿದರೆ ಆಯಿತು.

ಪ್ರಶ್ನೆ: ಮಕ್ಕಳ ವಿಡಿಯೊಗೆ ಗೂಗಲ್‌ನಿಂದ ಚಿತ್ರ, ಸಿನಿಮಾ ಹಾಡು ತೆಗೆದುಕೊಂಡರೆ ತಪ್ಪೇ? (ಮುಖ್ಯಶಿಕ್ಷಕಿ, ಉಡುಪಿ)

ತರಗತಿಯೊಳಗೆ ಪಾಠಕ್ಕಾಗಿ ಬಳಸಲು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಅವಕಾಶ ಇದೆ. ಶಾಲಾ ವಾರ್ಷಿಕೋತ್ಸವದಲ್ಲಿ ಪೋಷಕರ ಮುಂದೆ ಮಕ್ಕಳು ಆಡುವ ನಾಟಕಕ್ಕೂ ಇದೆ. ಅದನ್ನೇ ಯೂಟ್ಯೂಬ್‌ಗೆ ಏರಿಸಿದಾಗ ವಿಷಯ ಬೇರೆಯಾಗುತ್ತದೆ, ಆಗ ಅದು ಊರಿಗೆಲ್ಲ ಹಂಚಿದ ಹಾಗೆ.

ಒಂದು ಲೆಕ್ಕ ನೆನಪಿಟ್ಟುಕೊಳ್ಳಿ: ಬರೆದವರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅಂದರೆ 2054ರ ಕೊನೆಯವರೆಗೆ ಅನುಮತಿ ಬೇಕು. ನಿಮ್ಮ ಕರಾವಳಿಯವರೇ ಆದ ಪಂಜೆ ಮಂಗೇಶರಾಯರು 1937ರಲ್ಲೇ ಹೋದರು, ಅವರ ಶಿಶುಗೀತೆಗಳಿಗೆ ಮಕ್ಕಳು ಚಿತ್ರ ಬರೆದು, ತಾವೇ ಹಾಡಿ, ಎಲ್ಲಿ ಬೇಕಾದರೂ ಹಾಕಬಹುದು. ಆದರೆ ಯಾರೋ ಹಾಡಿ ಮಾಡಿದ ರೆಕಾರ್ಡಿಂಗ್ ಎತ್ತಿಕೊಳ್ಳಬೇಡಿ, ಅದರ ಹಕ್ಕು ಬೇರೆ.

ಚಿತ್ರಕ್ಕೆ ವಿಕಿಮೀಡಿಯಾ ಕಾಮನ್ಸ್ ನೋಡಿ. ಕಥೆಗೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಇದೆ. ಅಲ್ಲಿ ಕನ್ನಡ ಕಥೆಗಳನ್ನು ಓದಬಹುದು, ಬೇರೆ ಭಾಷೆಯದ್ದನ್ನು ಕನ್ನಡಕ್ಕೆ ತರಬಹುದು, ಅಲ್ಲಿನ ಚಿತ್ರಗಳನ್ನು ಜೋಡಿಸಿ ಹೊಸ ಕಥೆಯನ್ನೂ ಬರೆಯಬಹುದು. ಮುಕ್ತ ಪರವಾನಗಿ, ಆದರೆ ಮೂಲದವರ ಹೆಸರು ಹಾಕಲೇಬೇಕು. ಆ ಹೆಸರಿನ ಸಾಲನ್ನು ನೀವು ಬರೆಯಬೇಡಿ, ಮಕ್ಕಳ ಕೈಯಲ್ಲೇ ಬರೆಸಿ. ಕೊನೆಯ ಪುಟದಲ್ಲಿ ಚಿತ್ರ ಇಂಥವರದು, ಕಥೆ ಬೇವಿನ ಗುಂಪಿನದು ಎಂದು ಬರೆದು, ಪ್ರಿಂಟ್ ತೆಗೆದು, ಹೊಲಿದು, ಶಾಲೆಯ ಗ್ರಂಥಾಲಯದ ರಿಜಿಸ್ಟರ್‌ನಲ್ಲಿ ನಂಬರ್ ಹಾಕಿಸಿ ಕಪಾಟಿನಲ್ಲಿಡಿ.