ರೈಲು ಡಬ್ಬಿಗೆ ಎಷ್ಟು ನಿಜ ಬೇಕು?

(ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ನಲ್ಲಿ ಕೋಚ್ ರಿಪೇರಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಅಂಕಣಕಾರರು ಮನೆಯಲ್ಲಿ ಮಾಡೆಲ್ ರೈಲು ಕಟ್ಟುತ್ತಾರೆ. ಈ ಸಲ ಓದುಗರು ಕೇಳಿದ್ದೆಲ್ಲ ಅದರ ಬಗ್ಗೆಯೇ.)

ಪ್ರಶ್ನೆ: ಒಂಬತ್ತು ವರ್ಷದ ಮಗನಿಗೆ ಕಡಿಮೆ ಬೆಲೆಯ ಒಂದು ಎಚ್‌ಒ ರೈಲು ಸೆಟ್ ಕೊಡಿಸಿದೆ. ಡಬ್ಬಿಗಳು 16 ಸೆಂಟಿಮೀಟರ್ ಉದ್ದ ಇವೆ. ಮಾಡೆಲ್ ರೈಲು ಹವ್ಯಾಸ ಇರುವ ಪರಿಚಯದವರೊಬ್ಬರು ನೋಡಿ, ‘ಇದು ಆಟಿಕೆ, ಮಾಡೆಲ್ ಅಲ್ಲ. ಅಳತೆಯೇ ಸರಿಯಿಲ್ಲ. ಮಾರಿಬಿಟ್ಟು ಒಂದೇ ಒಂದು ಒಳ್ಳೆಯ ಕೋಚ್ ತಗೊಳ್ಳಿ’ ಅಂದರು. ಮಗನ ಮುಖ ಸಣ್ಣದಾಯಿತು. ಏನು ಮಾಡಲಿ?
— ಒಬ್ಬ ತಾಯಿ, ಬೆಂಗಳೂರು

ಉತ್ತರ: ಮಾರಬೇಡಿ, ತಂಗಿ. ಅವರು ಅಳತೆಯ ಮಾತು ತೆಗೆದಿದ್ದಾರೆ. ಸರಿ, ಅಳತೆಯನ್ನೇ ನೋಡೋಣ.

ಎಚ್‌ಒ ಅಂದರೆ 1:87, ನಿಜದ ರೈಲಿಗಿಂತ 87 ಪಟ್ಟು ಚಿಕ್ಕದು. ನಾನು ದಿನವೂ ಕೈಯಾಡಿಸಿದ ಐಸಿಎಫ್ (ಚೆನ್ನೈನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯ ಹಳೇ ಮಾದರಿ) ಕೋಚಿನ ಉದ್ದ ಸುಮಾರು 21.3 ಮೀಟರ್. 87ರಿಂದ ಭಾಗಿಸಿದರೆ ಸುಮಾರು 24.5 ಸೆಂಟಿಮೀಟರ್ ಬರುತ್ತದೆ. ಈಗಿನ, ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಕೋಚ್ ಆದರೆ 27. ನಿಮ್ಮ ಮಗನ ಡಬ್ಬಿ 16. ಗಿಡ್ಡ ಇರುವುದು ನಿಜ. ಆದರೆ ಅದು ತಯಾರಿಸಿದವರ ಅಜ್ಞಾನ ಅಲ್ಲ. ಇಂಥ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಬರುವ ಹಳಿಯ ತಿರುವು 18 ಇಂಚು ತ್ರಿಜ್ಯದ್ದು, ಅಂದರೆ 46 ಸೆಂಟಿಮೀಟರ್. ಆ ತಿರುವಿನಲ್ಲಿ ಪೂರ್ತಿ ಉದ್ದದ ಕೋಚ್ ಓಡಿಸಿ ನೋಡಿ. ಕೋಚಿನ ನಡುಭಾಗ ಒಳಗೆ ಚಾಚುತ್ತದೆ, ತುದಿಗಳು ಹೊರಗೆ ಚಾಚುತ್ತವೆ. ನೋಡಲು ಚೆನ್ನಾಗಿರುವುದಿಲ್ಲ, ಎಷ್ಟೋ ಸಲ ಹಳಿಯೂ ತಪ್ಪುತ್ತದೆ. ಊಟದ ಮೇಜಿನ ಮೇಲೆ ರೈಲು ಸುತ್ತಬೇಕು ಅಂತಲೇ ಡಬ್ಬಿ ಗಿಡ್ಡ ಮಾಡಿರುತ್ತಾರೆ.

ಇನ್ನು ನಿಜದ ತಿರುವು ಎಷ್ಟು ಗೊತ್ತಾ? ನಮ್ಮ ಬ್ರಾಡ್‌ಗೇಜ್ ಲೈನಿನಲ್ಲಿ 10 ಡಿಗ್ರಿಗಿಂತ ಬಿಗಿಯಾದ ಕರ್ವ್ ಹಾಕುವುದಿಲ್ಲ. ಅದರ ತ್ರಿಜ್ಯ 175 ಮೀಟರ್. 1:87ಕ್ಕೆ ಇಳಿಸಿದರೆ 2 ಮೀಟರ್. ಒಂದು ಪೂರ್ತಿ ಸುತ್ತು ಹಾಕಲು 4 ಮೀಟರ್ ಅಗಲದ ಕೋಣೆ ಬೇಕು, ಅದೂ ರೈಲ್ವೆಯ ಅತಿ ಬಿಗಿಯಾದ ತಿರುವಿಗೆ. ನಿಮ್ಮ ಪರಿಚಯದವರ ಮನೆಯಲ್ಲಿ ಅಷ್ಟು ಜಾಗ ಇದೆಯಾ, ಕೇಳಿ ನೋಡಿ.

ಹಳಿಯ ಅಗಲಕ್ಕೆ ಬನ್ನಿ. ಎಚ್‌ಒ ಹಳಿ 16.5 ಮಿಲಿಮೀಟರ್. ಅದು ಯುರೋಪ್, ಅಮೆರಿಕದ 1435 ಮಿಲಿಮೀಟರ್ ಗೇಜಿಗೆ ಸರಿಹೊಂದುವ ಅಳತೆ. ನಮ್ಮ ಬ್ರಾಡ್‌ಗೇಜ್ 1676. ಅದನ್ನು 87ರಿಂದ ಭಾಗಿಸಿದರೆ 19.3 ಬರಬೇಕು. ಹಾಗಾಗಿ 16.5ರ ಹಳಿ ಮೇಲೆ ಓಡುವ ಯಾವ ಭಾರತೀಯ ಎಚ್‌ಒ ಮಾಡೆಲ್ ಆದರೂ, ಎಷ್ಟೇ ದುಬಾರಿ ಆದರೂ, ಹೆಚ್ಚುಕಡಿಮೆ 3 ಮಿಲಿಮೀಟರ್ ಕಿರಿದಾದ ಹಳಿ ಮೇಲೆ ನಿಂತಿರುತ್ತದೆ. ಇದು ದೋಷ ಹುಡುಕುವ ಮಾತಲ್ಲ. ಎಲ್ಲರೂ ಎಲ್ಲೋ ಒಂದು ಕಡೆ ಅಳತೆ ಬಿಟ್ಟುಕೊಟ್ಟೇ ರೈಲು ಓಡಿಸುತ್ತಿದ್ದಾರೆ. ಎಲ್ಲಿ ಬಿಟ್ಟುಕೊಡಬೇಕು ಅನ್ನುವುದು ಮಾತ್ರ ಅವರವರಿಗೆ ಸೇರಿದ್ದು.

ನನಗೆ ನಿಜದಂತೆ ಕಾಣುವ ಮಾಡೆಲ್ ಅಂದರೆ ತುಂಬಾ ಇಷ್ಟ. ಕಿಟಕಿ ಸರಳುಗಳ ನಡುವಿನ ಅಂತರ ತಪ್ಪಿದ್ದರೆ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ. ಆದರೆ ಕಪಾಟಿನಲ್ಲಿ ನಿಂತ ಒಂದು ಕೋಚ್ ರೈಲು ಆಗುವುದಿಲ್ಲ. ಐದು ಡಬ್ಬಿ ಸಾಲಾಗಿ ಜೋಡಿಸಿಕೊಂಡು, ಎಂಜಿನ್ ಎಳೆದಾಗ ಒಂದೊಂದಾಗಿ ಕಪ್ಲಿಂಗ್ ಬಿಗಿಯಾಗುತ್ತಾ ಹೊರಡುತ್ತದಲ್ಲ, ಅದು ರೈಲು. ಅಮೆರಿಕದ ಓಹಾಯೋದ ಡೇಟನ್ನಿನಲ್ಲಿ ಅಲೆನ್ ಮೆಕ್‌ಕ್ಲೆಲೆಂಡ್ ಅನ್ನುವವರು ವರ್ಜಿನಿಯನ್ ಆ್ಯಂಡ್ ಓಹಾಯೋ ಅಂತ ದೊಡ್ಡ ಎಚ್‌ಒ ರೈಲು ಕಟ್ಟಿದ್ದರು. ಆ ದೇಶದ ಹವ್ಯಾಸಿಗಳು ಗುರುವಿನಂತೆ ಕಾಣುವ ಮನುಷ್ಯ. ಅವರ ನಿಯಮ ‘ಇಷ್ಟು ಸಾಕು’ ಅನ್ನುವುದು. ಒಂದು ಡಬ್ಬಿಯನ್ನು ಅಪ್ಪಟ ಮಾಡಲು ತಿಂಗಳು ಕೂರಬೇಡಿ. ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು ಓಡಿಸಿ, ಆಗ ಕಣ್ಣು ಒಂದು ಡಬ್ಬಿಯ ಮೇಲೆ ನಿಲ್ಲದೆ ಇಡೀ ರೈಲನ್ನು ನೋಡುತ್ತದೆ ಅನ್ನುವ ವಿಚಾರ. ನಿಮ್ಮ ಮಗನ ಎಲ್ಲ ಡಬ್ಬಿಯೂ 16 ಸೆಂಟಿಮೀಟರ್ ಆಗಿದ್ದರೆ ಆ ರೈಲಿಗೆ ಅದೇ ಸರಿ. ಅದರ ನಡುವೆ 27ರ ಒಂದು ಕೋಚ್ ತಂದು ಸೇರಿಸಿದರೆ ಎರಡೂ ಕೆಡುತ್ತವೆ.

ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಇನ್ನಷ್ಟು ನೇರ ಹಳಿ ಮತ್ತು ಒಂದು ಪಾಯಿಂಟ್ (ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಹಳಿ ಜೋಡಣೆ) ಕೊಡಿಸಿ. ಸುಮ್ನೆ ಸುತ್ತುವ ರೈಲು ಒಂದು ವಾರಕ್ಕೆ ಬೇಸರವಾಗುತ್ತದೆ. ಡಬ್ಬಿ ಬಿಚ್ಚಿ ಸೈಡಿಂಗ್‌ನಲ್ಲಿ, ಅಂದರೆ ಪಕ್ಕದ ಹಳಿಯಲ್ಲಿ, ನಿಲ್ಲಿಸುವ ಕೆಲಸ ಸಿಕ್ಕಿದರೆ ಬೇಸರ ಅನ್ನುವುದೇ ಇಲ್ಲ.

ಪ್ರಶ್ನೆ: ಅಗ್ಗಕ್ಕೆ ಸಿಕ್ಕಿತು ಅಂತ ಹಳೇ ಎಚ್‌ಒ ವ್ಯಾಗನ್‌ಗಳನ್ನು ತಗೊಂಡೆ. ಮುಂದೆ ಹೋಗುವಾಗ ಹೇಗೋ ಹೋಗುತ್ತವೆ, ಹಿಂದಕ್ಕೆ ತಳ್ಳಿದರೆ ಬೀಳುತ್ತವೆ. ಎಸೆದುಬಿಡಲೇ?
— ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಎಸೆಯಬೇಡಪ್ಪ. ನಿನ್ನ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಅಗ್ಗದ ಡಬ್ಬಿಯ ರೋಗ ಹೆಚ್ಚಾಗಿ ಮೂರೇ: ತೂಕ ಸಾಲದು, ಚಕ್ರ ಕೆಟ್ಟದ್ದು, ಕಪ್ಲರ್ (ಡಬ್ಬಿಗಳನ್ನು ಜೋಡಿಸುವ ಕೊಂಡಿ) ತಪ್ಪು ಜಾಗದಲ್ಲಿದೆ.

ತೂಕದಿಂದ ಶುರು ಮಾಡೋಣ. ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ ಮಾಡೆಲ್ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘ ಒಂದು ಲೆಕ್ಕ ಕೊಟ್ಟಿದೆ. ಎಚ್‌ಒ ಡಬ್ಬಿಗೆ ಮೊದಲು 1 ಔನ್ಸ್, ಆಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ನಮ್ಮ ಅಳತೆಯಲ್ಲಿ 28 ಗ್ರಾಂ, ಜೊತೆಗೆ ಇಂಚಿಗೆ 14 ಗ್ರಾಂ. 6 ಇಂಚಿನ ವ್ಯಾಗನ್ ಸುಮಾರು 113 ಗ್ರಾಂ ತೂಗಬೇಕು. ನಿನ್ನದನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡು. ಅದರ ಅರ್ಧವೂ ಇರಲಿಕ್ಕಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಬ್ಬಿಣದ ನಟ್‌ಗಳನ್ನು ಒಳಗೆ, ನೆಲಕ್ಕೆ ಅಂಟಿಸು. ಎರಡೂ ತುದಿಗೆ ಸಮ ಇರಲಿ. ಮೇಲೆ ಅಂಟಿಸಿದರೆ ತಿರುವಿನಲ್ಲಿ ಮಗುಚುತ್ತದೆ.

ಇಲ್ಲಿ ಒಂದು ಸ್ವಾರಸ್ಯ ಇದೆ. ಸುಮಾರು 40 ಟನ್ ತೂಗುವ ಒಂದು ಖಾಲಿ ಕೋಚ್ ತಗೋ. ಉದ್ದ, ಅಗಲ, ಎತ್ತರ ಮೂರೂ 87 ಪಟ್ಟು ಚಿಕ್ಕದಾದರೆ ತೂಕ 87ರ ಘನದಷ್ಟು, ಅಂದರೆ ಆರೂವರೆ ಲಕ್ಷ ಪಟ್ಟು ಇಳಿಯಬೇಕು. ಲೆಕ್ಕ ಹಾಕಿದರೆ ಬರುವುದು ಬರೀ 61 ಗ್ರಾಂ. ಆದರೆ ಅದೇ 24.5 ಸೆಂಟಿಮೀಟರ್ ಕೋಚಿಗೆ ಸಂಘದ ಲೆಕ್ಕ ಹೇಳುವುದು 165 ಗ್ರಾಂ ಆಸುಪಾಸು! ಅಳತೆಗೆ ಸರಿಯಾಗಿ ತೂಗಿಸಿದ ಕೋಚ್ ಹಳಿ ಮೇಲೆ ನಿಲ್ಲುವುದಿಲ್ಲ, ತಪ್ಪಾಗಿ ತೂಗಿಸಿದ್ದು ಚೆನ್ನಾಗಿ ಓಡುತ್ತದೆ. ಕಣ್ಣಿಗೆ ನಿಜ ಅನ್ನಿಸುವುದು ಆ ಓಟ. ಅಲ್ಲಾಡದೆ, ಕುಣಿಯದೆ, ಭಾರವಾಗಿ ಪಾಯಿಂಟ್ ದಾಟಿ ಹೋಗುವ ವ್ಯಾಗನ್ ನೋಡಿದರೆ ನನಗೆ ಯಾರ್ಡ್ ಕಂಡಂತಾಗುತ್ತದೆ. ರಿವೆಟ್ ಎಣಿಸಬೇಕು ಅಂತಲೇ ಅನ್ನಿಸುವುದಿಲ್ಲ.

ಇನ್ನು ಚಕ್ರ. ಹಳೇ ಪ್ಲಾಸ್ಟಿಕ್ ಚಕ್ರ ಕೊಳೆ ಹಿಡಿದು ಅದನ್ನೇ ಹಳಿಗೆಲ್ಲ ಬಳಿಯುತ್ತದೆ. ತೆಗೆದು ಲೋಹದ ಚಕ್ರ ಹಾಕು. ಎಷ್ಟು ದೊಡ್ಡದು ಅಂತ ಕೇಳುತ್ತೀಯ. ಐಸಿಎಫ್ ಕೋಚಿನ ಹೊಸ ಚಕ್ರದ ವ್ಯಾಸ 915 ಮಿಲಿಮೀಟರ್, 87ರಿಂದ ಭಾಗಿಸಿದರೆ 10.5. ಅಮೆರಿಕದ ಅಂಗಡಿಗಳಲ್ಲಿ 36 ಇಂಚಿನ ಚಕ್ರ ಅಂತ ಮಾರುವುದು ಇದೇ ಅಳತೆಯದು. ನಮ್ಮ ಕೋಚಿಗೆ ಕಣ್ಣು ಮುಚ್ಚಿ ಹಾಕಬಹುದು.

ಹಿಂದಕ್ಕೆ ತಳ್ಳಿದಾಗ ಬೀಳುವುದಕ್ಕೆ ಕಾರಣ ಕಪ್ಲರ್. ಅಗ್ಗದ ವ್ಯಾಗನ್‌ಗಳಲ್ಲಿ ಕಪ್ಲರ್ ಚಕ್ರದ ಚೌಕಟ್ಟಿಗೇ ಅಂಟಿಕೊಂಡಿರುತ್ತದೆ. ಎಳೆಯುವಾಗ ತೊಂದರೆ ಇಲ್ಲ. ತಳ್ಳಿದಾಗ ಆ ಒತ್ತಡ ಚಕ್ರವನ್ನೇ ಪಕ್ಕಕ್ಕೆ ತಿರುಗಿಸುತ್ತದೆ. ಆ ಕಪ್ಲರ್ ಕತ್ತರಿಸಿ, ವ್ಯಾಗನ್ನಿನ ಮೈಗೆ ಹೊಸದನ್ನು ಸ್ಕ್ರೂ ಹಾಕಿ ಕೂರಿಸು. ಎಲ್ಲ ವ್ಯಾಗನ್ನಿಗೂ ಒಂದೇ ಎತ್ತರದಲ್ಲಿ, ಒಂದೇ ತರಹದ್ದು ಇರಲಿ. ಒಂದು ಸಂಜೆಯ ಕೆಲಸ. ಆಮೇಲೆ ಅದು ದುಬಾರಿ ವ್ಯಾಗನ್ನಿನ ಹಾಗೇ ಓಡುತ್ತದೆ.

ಪ್ರಶ್ನೆ: ಇಲ್ಲಿನ ಹಳೇ ರೈಲುಗಳ ಮೇಳದಲ್ಲಿ ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಯಿಂದ ಲಯನೆಲ್ ಕಂಪನಿಯ ಕೆಲವು ಆಟಿಕೆ ರೈಲು ಡಬ್ಬಿ ಆರಿಸಿ ತಂದೆ, ತುಂಬಾ ಕಡಿಮೆಗೆ. ಒಂದು ಹಾಲಿನ ಡಬ್ಬಿ, ಕೆಲವು ಸಾಮಾನಿನವು. ಮನೆಯವರು ‘ಮೂರು ಹಳಿಯ ರೈಲು ಎಲ್ಲಿಯಾದರೂ ಇದೆಯಾ’ ಅಂತ ನಗುತ್ತಾರೆ.
— ಗೃಹಿಣಿ, ನ್ಯೂಜೆರ್ಸಿ (ಮೂಲ ಊರು ಅರಸೀಕೆರೆ)

ಉತ್ತರ: ಅರಸೀಕೆರೆ ಜಂಕ್ಷನ್ನಿನವರಿಗೆ ರೈಲಿನ ಹುಚ್ಚು ಹಿಡಿಯದೆ ಇರುತ್ತದಾ ಅಮ್ಮಾ! ನೀವು ತಂದಿರುವುದು ಒಳ್ಳೆಯ ಸಾಮಾನು.

ಜೋಶುವಾ ಲಯನೆಲ್ ಕೋವೆನ್ 1900ರಲ್ಲಿ ನ್ಯೂಯಾರ್ಕಿನಲ್ಲಿ ಈ ಕಂಪನಿ ಶುರು ಮಾಡಿದರು. ಅವರ ಮೊದಲ ರೈಲು ಬರೀ ಒಂದು ತೆರೆದ ಮರದ ಪೆಟ್ಟಿಗೆ, ಕೆಳಗೆ ಮೋಟಾರು. ಅಂಗಡಿಯ ಗಾಜಿನ ಕಿಟಕಿಯಲ್ಲಿ ಸಾಮಾನು ಹೊತ್ತು ಸುತ್ತಿ ಗಿರಾಕಿಗಳನ್ನು ಕರೆಯಲಿ ಅಂತ ಮಾಡಿದ್ದು. ಜನ ಸಾಮಾನು ಬಿಟ್ಟು ಆ ಪೆಟ್ಟಿಗೆಯನ್ನೇ ಕೊಡಿ ಅಂದರಂತೆ. ಅದರಲ್ಲಿ ನಿಜದ ರೈಲಿನ ಹೋಲಿಕೆ ಹುಡುಕಿದರೂ ಸಿಗುತ್ತಿರಲಿಲ್ಲ.

ಮೂರನೇ ಹಳಿಗೂ ಕಾರಣ ಇದೆ. ನಡುವಿನ ಹಳಿಯಲ್ಲಿ ಕರೆಂಟು ಬರುತ್ತದೆ, ಎರಡೂ ಪಕ್ಕದ ಹಳಿಗಳಿಂದ ವಾಪಸ್ ಹೋಗುತ್ತದೆ. ಇದರಿಂದ ರೈಲನ್ನು ಹಳಿ ಮೇಲೇ ಸುತ್ತಿಸಿ ಬಂದ ದಾರಿಯಲ್ಲೇ ವಾಪಸ್ ಕಳಿಸಬಹುದು, ಶಾರ್ಟ್ ಆಗುವುದಿಲ್ಲ. ಎರಡು ಹಳಿಯವರು ಇದಕ್ಕೆ ಬೇರೆ ವೈರಿಂಗ್ ಮಾಡಿಕೊಳ್ಳಬೇಕು. ಮನೆಯವರಿಗೆ ಇದನ್ನು ಓಡಿಸಿ ತೋರಿಸಿ.

ನಿಮ್ಮ ಹಾಲಿನ ಡಬ್ಬಿ ಬಾಗಿಲು ತೆರೆದು, ಬಿಳಿ ಬಟ್ಟೆಯ ಪುಟ್ಟ ಮನುಷ್ಯ ಕ್ಯಾನ್‌ಗಳನ್ನು ಪ್ಲಾಟ್‌ಫಾರ್ಮಿಗೆ ತಳ್ಳುವಂಥದ್ದಾ? ಆ ಮಾದರಿ ಬಂದದ್ದು 1947ರಲ್ಲಿ, ಆಗ ಮನೆ ಮನೆಯಲ್ಲಿ ಬೇಕು ಅನ್ನಿಸಿತ್ತು. ಅಳತೆ ನೋಡಿದರೆ ಡಬ್ಬಿ ಗಿಡ್ಡ, ಮನುಷ್ಯ ಒರಟು. ಆದರೂ ರೈಲು ಒಂದು ಊರಿಗೆ ಯಾಕೆ ಬರುತ್ತದೆ ಅನ್ನುವುದನ್ನು ಮಗುವಿಗೆ ಅಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಡಬ್ಬಿ ನನಗೆ ಗೊತ್ತಿಲ್ಲ. ಒಂದು ಎಚ್ಚರ. ಪಕ್ಕದ ಅಕ್ಷರಗಳನ್ನು ಉಜ್ಜಿ ತೊಳೆಯಬೇಡಿ. ಹಳೇ ಡಬ್ಬಿಗಳ ಅಕ್ಷರ ಬೇಗ ಅಳಿಸಿಹೋಗುತ್ತವೆ. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಧೂಳು ತೆಗೆದರೆ ಸಾಕು.

ಪ್ರಶ್ನೆ: ಪ್ಲಾಸ್ಟಿಕ್ ಕೋಚಿನ ಹೊಳಪು ಹೇಗೆ ತೆಗೆಯುವುದು? ನಿಜದ ಹಾಗೆ ಕೊಳೆ ಮಾಡಬೇಕು.
— ಓದುಗರು, ಮೈಸೂರು

ಉತ್ತರ: ಚಿತ್ರ ಬಿಡಿಸುವ ಒಣ ಚಾಕ್ ಪೇಸ್ಟಲ್ ತಗೊಳ್ಳಿ. ಕಂದು ಮತ್ತು ಕಪ್ಪು ಎರಡೇ ಸಾಕು. ಬ್ಲೇಡಿನಿಂದ ಕೆರೆದು ಪುಡಿ ಮಾಡಿ, ಮೆತ್ತನೆಯ ಬ್ರಷ್‌ನಲ್ಲಿ ಹಚ್ಚಿ. ಮೊದಲು ಮ್ಯಾಟ್ ವಾರ್ನಿಷ್ ಹೊಡೆದರೆ ಪುಡಿ ಹಿಡಿಯುತ್ತದೆ, ಹೊಳಪೂ ಹೋಗುತ್ತದೆ. ಎಲ್ಲಿ ಹಚ್ಚಬೇಕು ಅನ್ನುವುದೇ ಮುಖ್ಯ. ಬ್ರೇಕ್ ಉಜ್ಜಿದ ಕಂದು ಪುಡಿ ಚಕ್ರಗಳ ಮೇಲೆ, ಅದರ ಸುತ್ತಮುತ್ತ, ಕೋಚಿನ ಕೆಳಗಿನ ಅಂಚಿಗೆ. ಐಸಿಎಫ್ ಕೋಚಿಗೆ ತುಕ್ಕು ಹಿಡಿಯುವುದು ಕಿಟಕಿಗಳ ಕೆಳಗೆ, ಬಾಗಿಲ ಬುಡದಲ್ಲಿ, ಶೌಚಾಲಯದ ಪಕ್ಕದಲ್ಲಿ. ನೀರು ನಿಲ್ಲುವ ಜಾಗ ಅವು. ನಮ್ಮ ಕೈಗೆ ಬಂದ ಕೋಚ್‌ಗಳಲ್ಲಿ ನಾವು ಮೊದಲು ಬಡಿದು ನೋಡುತ್ತಿದ್ದದ್ದೂ ಅಲ್ಲೇ.

ಎಲ್ಲ ಕೋಚಿಗೂ ಕೊಳೆ ಬಳಿಯಬೇಡಿ. ದೊಡ್ಡ ರಿಪೇರಿ ಮುಗಿಸಿ ವರ್ಕ್‌ಶಾಪಿನಿಂದ ಹೊರಡುವ ಕೋಚ್ ಬಣ್ಣ ಒಣಗಿ ಪಳಪಳ ಅನ್ನುತ್ತಿರುತ್ತದೆ. ಸಾಲಿನಲ್ಲಿ ಒಂದು ಹೊಳೆಯುತ್ತಿದ್ದರೆ ಅದೂ ನಿಜವೇ.

ಪ್ರಶ್ನೆ: ಅಜ್ಜಾ, ನನ್ನ ಗೂಡ್ಸ್ ರೈಲನ್ನು ಡೈನೊಸಾರ್ ಎಳೆಯಬಹುದಾ? ಅಣ್ಣ ಬೇಡ ಅಂತಾನೆ.
— ಎರಡನೇ ತರಗತಿ, ಶಿರಸಿ

ಉತ್ತರ: ಎಳೆಯಬಹುದು ಪುಟ್ಟಿ. ಅಣ್ಣನಿಗೆ ಇದನ್ನು ಓದಿ ಹೇಳು. ಕ್ಯಾಲಿಫೋರ್ನಿಯಾದ ಮಾಂಟೆರೇ ಊರಿನಲ್ಲಿ ಜಾನ್ ಅಲೆನ್ ಅಂತ ಮಾಡೆಲ್ ರೈಲು ಕಟ್ಟುವವರೊಬ್ಬರಿದ್ದರು. ಬೆಟ್ಟ, ಸೇತುವೆ, ಹಳೇ ಗೋಡೆಯ ಬಣ್ಣ ಎಲ್ಲವನ್ನೂ ನಿಜದ ಹಾಗೆ ಮಾಡುವುದರಲ್ಲಿ ಅವರಷ್ಟು ಹೆಸರಾದವರು ಕಡಿಮೆ. ಅವರ ಯಾರ್ಡಿನಲ್ಲಿ ವ್ಯಾಗನ್ ಎಳೆಯಲು ಎಮ್ಮಾ ಅನ್ನುವ ಸ್ಟೆಗೊಸಾರಸ್ ಇತ್ತು. 1973ರಲ್ಲಿ ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಆ ರೈಲು ಸುಟ್ಟುಹೋಯಿತು. ಫೋಟೋಗಳು ಉಳಿದಿವೆ. ನಿನ್ನ ಡೈನೊಸಾರ್‌ಗೂ ಒಂದು ಹೆಸರು ಇಡು.

ಪ್ರಶ್ನೆ: ಸಂಬಳ ಕಡಿಮೆ. ಒಂದು ಕೋಚೂ ಕೊಳ್ಳುವ ಹಾಗಿಲ್ಲ. ಎಲ್ಲಿಂದ ಶುರು ಮಾಡಲಿ?
— ಶಾಲಾ ಶಿಕ್ಷಕರು, ಕೊಪ್ಪಳ

ಉತ್ತರ: ಮದುವೆ ಕಾಗದಗಳಿಂದ ಮೇಷ್ಟ್ರೇ. ಅಷ್ಟು ಗಟ್ಟಿಯಾದ, ನುಣುಪಾದ ರಟ್ಟು ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ಉದ್ದ 245 ಮಿಲಿಮೀಟರ್, ಅಗಲ 37, ಹಳಿಯಿಂದ ಛಾವಣಿಯ ತುದಿಗೆ 46. ಇದು 1:87ಕ್ಕೆ ಇಳಿಸಿದ ಐಸಿಎಫ್ ಕೋಚ್. ಕಿಟಕಿ ಕತ್ತರಿಸಿ, ಪೋಸ್ಟರ್ ಬಣ್ಣ ಹಚ್ಚಿ. ಹಳೇ ಕೆಂಗಂದು ಬೇಕಾದರೆ ಅದು, ಆಮೇಲಿನ ನೀಲಿ ಬೇಕಾದರೆ ಅದು. ನೆಲಕ್ಕೆ ನಟ್ ಅಂಟಿಸಿ ತೂಕ ಕೊಡಿ. ಕೊಳ್ಳಬೇಕಾದದ್ದು ಚಕ್ರ, ಕಪ್ಲರ್ ಮಾತ್ರ. ಮಕ್ಕಳನ್ನೂ ಕೂರಿಸಿಕೊಳ್ಳಿ. 87ರ ಭಾಗಾಕಾರ ಅವರೇ ಮಾಡಲಿ.

ಪ್ರಶ್ನೆ: ಮೇಜಿನ ಮೇಲೆ ನಮ್ಮ ಘಾಟ್ ಮಾಡುವ ಆಸೆ. ಏರು ಎಷ್ಟಿರಬೇಕು?
— ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ನಿಜದ್ದೇ ಇಟ್ಟುಕೊಳ್ಳಿ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿನ ಏರು 50ಕ್ಕೆ 1, ಅಂದರೆ ಮೀಟರಿಗೆ 2 ಸೆಂಟಿಮೀಟರ್. ಮನೆಯ ರೈಲಿಗೂ ಅದಕ್ಕಿಂತ ಜಾಸ್ತಿ ಏರು ಒಳ್ಳೆಯದಲ್ಲ, ಅಗ್ಗದ ಎಂಜಿನ್ ಜಾರುತ್ತದೆ. ಒಂದು ಹಳಿ ಇನ್ನೊಂದರ ಮೇಲೆ ದಾಟಲು 8 ಸೆಂಟಿಮೀಟರ್ ಎತ್ತರ ಬೇಕು ಅಂದುಕೊಂಡರೆ 4 ಮೀಟರ್ ಹಳಿ ಹಾಸಬೇಕು. ಅಲ್ಲಿ 57 ಸುರಂಗ ಇವೆ, ನಿಮಗೆ ಎರಡು ಸಾಕು. ಮೇಲೆ ಹೇಳಿದ 46 ಸೆಂಟಿಮೀಟರ್ ತ್ರಿಜ್ಯದ ಬಿಗಿ ತಿರುವುಗಳನ್ನೆಲ್ಲ ಸುರಂಗದ ಒಳಗೇ ಹಾಕಿಬಿಡಿ. ಹೊರಗೆ ಕಾಣುವ ಕಡೆ ತಿರುವು ಆದಷ್ಟು ದೊಡ್ಡದಿರಲಿ. ಹಿಂಬದಿಯಿಂದ ಕೈ ಹೋಗುವಷ್ಟು ಜಾಗ ಮಾತ್ರ ಬಿಡಿ, ಡಬ್ಬಿ ಹಳಿ ತಪ್ಪುವುದು ಯಾವಾಗಲೂ ಸುರಂಗದ ಒಳಗೇ.